ಟ್ರಂಕಿನಲ್ಲಿದ್ದ ಅಸೈನ್‌ಮೆಂಟ್

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಿಂದ ಮೂರು ನಿಮಿಷ ನಡೆದರೆ ನನ್ನ ಅಂಗಡಿ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಮೆಷಿನ್, ಸ್ಪೈರಲ್ ಬೈಂಡಿಂಗಿಗೆ ತೂತು ಹಾಕುವ ಒಂದು ಯಂತ್ರ. 2006ರಿಂದ ಇಲ್ಲೇ ಕೂತಿದ್ದೇನೆ. ಯಾವ ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಡುವ ಕೊನೆಯ ದಿನ ಯಾವತ್ತು ಅಂತ ಯಾರೂ ನನಗೆ ಹೇಳಬೇಕಾಗಿಲ್ಲ. ಅದರ ಹಿಂದಿನ ಸಂಜೆ ನಾಲ್ಕೂವರೆಗೆ ಬಾಗಿಲಲ್ಲಿ ಒದ್ದೆ ಕೊಡೆಗಳ ರಾಶಿ ಬೀಳುತ್ತದೆ. "ಅಕ್ಕಾ, ಹತ್ತು ಪೇಜ್ ಉಂಟು. ಐದೂಕಾಲಿನ ಬಸ್ಸಿಗೆ ಹೋಗ್ಬೇಕು." ಮಳೆಗಾಲದಲ್ಲಿ ಕಾಗದ ತೇವ ಎಳೆದು ಮೆಷಿನ್‌ನಲ್ಲಿ ಸಿಕ್ಕಿಕೊಳ್ಳುವುದೂ ಅದೇ ಹೊತ್ತಿಗೆ.

ಒಂದೇ ಸಂಜೆ ಎಷ್ಟು ಬಗೆಯ ವಿಷಯ ಬರುತ್ತವೆ ಗೊತ್ತಾ? ಬಿಕಾಂನವರ ಜಿಎಸ್‌ಟಿ. ಸಸ್ಯಶಾಸ್ತ್ರದವರ ಕಾಂಡ್ಲಾ ಕಾಡು. ರಾಜ್ಯಶಾಸ್ತ್ರದವರ 73ನೇ ತಿದ್ದುಪಡಿ. ಸಮಾಜಶಾಸ್ತ್ರದವರ ಅಳಿಯಸಂತಾನ. ಕನ್ನಡದವರ ವಚನಗಳು. ಮಕ್ಕಳು ತಮ್ಮ ತಮ್ಮದನ್ನು ಮಾತ್ರ ಬರೆಯುತ್ತಾರೆ. ಟೈಪ್ ಮಾಡುವವಳು ನಾನು, ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಓದುತ್ತೇನೆ. ಬಿಎ ಮುಗಿಸಿ ಎಂಎ ಓದುವ ಆಸೆ ಇತ್ತು, ಆಗಲಿಲ್ಲ. ಈ ಓದು ನನಗೆ ತುಂಬಾ ಇಷ್ಟ. ಅದಕ್ಕೇ ಈ ಬಗ್ಗೆ ಬರೆಯಬೇಕು ಅಂತ ಅನ್ನಿಸಿದ್ದು.

ಮೊದಲು ನನ್ನದೇ ಒಂದು ತಪ್ಪು ಹೇಳುತ್ತೇನೆ.

2012ರ ತನಕ ನಾನು ಅಸೈನ್‌ಮೆಂಟ್ ಟೈಪ್ ಮಾಡುವುದು ಮಾತ್ರ ಅಲ್ಲ, ನಾನೇ ತಯಾರು ಮಾಡಿಯೂ ಕೊಡುತ್ತಿದ್ದೆ. ವಿಷಯ ಹೇಳಿ ಹೋದರೆ ಸಾಕು. ನೆಟ್‌ನಲ್ಲಿ ಹುಡುಕಿ, ನಾಲ್ಕು ಕಡೆಯಿಂದ ತೆಗೆದು ಜೋಡಿಸಿ, ಬಾರ್ಡರ್ ಹಾಕಿ, ಫ್ರಂಟ್ ಪೇಜಿಗೆ ಹೆಸರು, ರಿಜಿಸ್ಟರ್ ನಂಬರ್ ಹಾಕಿ ಬೈಂಡ್ ಮಾಡುತ್ತಿದ್ದೆ. ಕರಾವಳಿಯ ಪ್ರವಾಸೋದ್ಯಮ ಅಂತ ಒಂದು ಫೈಲ್ ನನ್ನ ಹತ್ತಿರ ಇತ್ತು. ಅದನ್ನು ಒಬ್ಬಳಿಗೆ ಕೊಟ್ಟೆ. ಮೊದಲ ಎರಡು ಪ್ಯಾರಾ ಹಿಂದೆ ಮುಂದೆ ಮಾಡಿ ಇನ್ನೊಬ್ಬನಿಗೆ ಕೊಟ್ಟೆ. ಹಾಗೆ ನಾಲ್ಕು ಜನಕ್ಕೆ ಹೋಯಿತು. ನಾಲ್ವರೂ ಒಂದೇ ಕ್ಲಾಸಿನವರು. ನಾನು ಕೇಳಿರಲೇ ಇಲ್ಲ.

ಅದರಲ್ಲಿ ಟೈಪಿಂಗಿನ ಒಂದು ತಪ್ಪು ಉಳಿದಿತ್ತು. ಉಡುಪಿ ಜಿಲ್ಲೆ ಆದದ್ದು 1997ರ ಆಗಸ್ಟ್ 25ಕ್ಕೆ. ನನ್ನ ಕೈಯಲ್ಲಿ ಅದು 1979 ಆಗಿತ್ತು. ನಾಲ್ಕೂ ಪ್ರತಿಗಳಲ್ಲಿ 1979. ಅವರ ಸರ್‌ಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ನಾಲ್ವರಿಗೂ ಇಂಟರ್ನಲ್ ಮಾರ್ಕ್ಸ್ ಸೊನ್ನೆ.

ಮೂವರು ಬಂದು ಬೈದರು. ನಾಲ್ಕನೆಯವಳು ಬೈಯಲಿಲ್ಲ. "ಅಕ್ಕಾ, ಜಿಲ್ಲೆ ಆಗುವಾಗ ನಾನು ಬಾಲವಾಡಿಗೆ ಹೋಗ್ತಿದ್ದೆ. ಮನೇಲಿ ಎಷ್ಟೋ ಸಲ ಹೇಳಿದ್ದಾರೆ. ಓದಿದ್ರೆ ತಪ್ಪು ಅಂತ ಗೊತ್ತಾಗ್ತಿತ್ತು. ನಾನು ಓದ್ಲೇ ಇಲ್ಲ" ಅಂದಳು. ನಾನೂ ಓದಿರಲಿಲ್ಲ. ಯಾರೂ ಓದದ ಹತ್ತು ಪುಟಕ್ಕೆ ನಾಲ್ಕು ಸಲ ದುಡ್ಡು ತೆಗೆದುಕೊಂಡಿದ್ದೆ. ನಾಲ್ವರಿಗೂ ದುಡ್ಡು ವಾಪಸ್ ಕೊಟ್ಟೆ. ಹೋದ ಮಾರ್ಕ್ಸ್ ವಾಪಸ್ ಬರಲಿಲ್ಲ. ಆವತ್ತಿನಿಂದ ಅವರೇ ಬರೆದು ತಂದದ್ದನ್ನು ಮಾತ್ರ ಟೈಪ್ ಮಾಡುತ್ತೇನೆ. ವ್ಯಾಪಾರ ಕಡಿಮೆ ಆಯಿತು, ನಿಜ. ಎರಡು ವರ್ಷ ಸ್ವಲ್ಪ ಕಷ್ಟವೇ ಆಯಿತು.

ಈಗ ಹೆಬ್ರಿ ಕಡೆಯ ಹುಡುಗನ ವಿಷಯಕ್ಕೆ ಬರುತ್ತೇನೆ. ಇದು 2019ರದ್ದು. ಬಿಎ ಓದುತ್ತಿದ್ದ, ಇತಿಹಾಸದ ಅಸೈನ್‌ಮೆಂಟ್, ವಿಷಯ ಭೂಸುಧಾರಣೆ. ಹದಿನಾಲ್ಕು ಹಾಳೆ ಕೈಯಲ್ಲಿ ಬರೆದು ತಂದಿದ್ದ. ಅಕ್ಷರ ಮುತ್ತಿನ ಹಾಗೆ ಇತ್ತು. ಜಮೀನ್ದಾರಿ ಪದ್ಧತಿಯ ರದ್ದತಿ ಇತ್ತು, ವಿನೋಬಾ ಭಾವೆಯವರ ಭೂದಾನ ಇತ್ತು, ಬಂಗಾಳದಲ್ಲಿ ಪಾಲಿಗೆ ಉಳುವವರ ಹೆಸರು ದಾಖಲಿಸಿದ ಬರ್ಗಾ ಇತ್ತು. ನಾನು ಐದು ಹಾಳೆ ಟೈಪ್ ಮಾಡಿದೆ. ಆಮೇಲೆ ಉಳಿದದ್ದನ್ನು ತಿರುಗಿಸಿ ನೋಡಿದೆ. ದೇವರಾಜ ಅರಸರ ಹೆಸರು ಒಂದು ಸಲ ಬಂದಿತ್ತು. ನಮ್ಮ ಜಿಲ್ಲೆಯ ಹೆಸರೇ ಇರಲಿಲ್ಲ.

"ನಿಮ್ಮದು ಡಿಕ್ಲರೇಶನಿನ ಜಾಗವಾ?" ಅಂತ ಕೇಳಿದೆ.

"ಗೊತ್ತಿಲ್ಲ ಅಕ್ಕ."

"ಮನೇಲಿ ಅಜ್ಜಿ ಇದ್ದಾರಾ?"

"ಇದ್ದಾರೆ."

"ಹಾಗಾದ್ರೆ ಇದನ್ನು ಇವತ್ತು ಪ್ರಿಂಟ್ ಮಾಡುದು ಬೇಡ ಮಾರಾಯ. ಹೋಗಿ ಅಜ್ಜಿ ಹತ್ರ ಕೇಳು."

ಕರಾವಳಿಯ ಹೊರಗಿನವರಿಗೆ ಸ್ವಲ್ಪ ವಿವರ ಬೇಕು. ಇಲ್ಲಿ ಗೇಣಿಯಲ್ಲಿ ಎರಡು ಮುಖ್ಯ ಬಗೆ ಇತ್ತು. ಮೂಲಗೇಣಿ ಅಂದರೆ ಶಾಶ್ವತ, ಒಕ್ಕಲನ್ನು ಸುಮ್ನೆ ಎಬ್ಬಿಸುವ ಹಾಗಿಲ್ಲ. ಚಾಲಗೇಣಿ ಅಂದರೆ ಧಣಿ ಬೇಡ ಅಂದ ದಿನ ಗದ್ದೆ ಬಿಡಬೇಕು. ಗೇಣಿ ಹೋಗುತ್ತಿದ್ದದ್ದು ಹೆಚ್ಚಾಗಿ ಅಕ್ಕಿಯಲ್ಲಿ, ಮುಡಿ ಲೆಕ್ಕದಲ್ಲಿ. ಬೈಹುಲ್ಲಿನಲ್ಲಿ ಕಟ್ಟಿದ ಗುಂಡಗಿನ ಅಕ್ಕಿಮುಡಿ ನಮ್ಮ ಕಡೆಯವರಿಗೆ ಗೊತ್ತಿರುತ್ತದೆ. ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದ ಕಾಲದಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂತು. 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟು, ತಾಲೂಕಿನ ಭೂನ್ಯಾಯ ಮಂಡಳಿಯ ಎದುರು ತಮ್ಮ ಗೇಣಿಯನ್ನು ತೋರಿಸಿಕೊಡಬೇಕಿತ್ತು. ಅದನ್ನೇ ನಮ್ಮ ಜನ ಇವತ್ತಿಗೂ ಡಿಕ್ಲರೇಶನ್ ಅನ್ನುವುದು.

ಹುಡುಗ ಒಂದು ವಾರ ಕಾಣಲಿಲ್ಲ. ಕೊನೆಯ ದಿನ ದಾಟಿತು. ನನಗೆ ಹೆದರಿಕೆ ಆಯಿತು, ಸುಮ್ನೆ ಒಬ್ಬನ ಮಾರ್ಕ್ಸ್ ಕಳೆದೆನಾ ಅಂತ. ಎಂಟನೇ ದಿನ ಬಂದ. ಸರ್ ಹತ್ತಿರ ಹೇಳಿ ಹತ್ತು ದಿನ ಸಮಯ ಕೇಳಿಕೊಂಡಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಮಂಡಳಿಯ ತೀರ್ಪಿನ ಪ್ರತಿ. ಮಡಿಕೆ ಇದ್ದ ಕಡೆಯೆಲ್ಲ ಹರಿದಿತ್ತು. ಅಜ್ಜಿಯ ತಗಡಿನ ಟ್ರಂಕಿನಲ್ಲಿ, ಮದುವೆಯ ಸೀರೆಯ ಅಡಿಯಲ್ಲಿ ನಲವತ್ತು ವರ್ಷದಿಂದ ಇತ್ತಂತೆ. ಮನೆಯಲ್ಲಿ ಅದನ್ನು ಓದಿದವರು ಅವನೇ ಮೊದಲು.

ಅಜ್ಜಿ ಹೇಳಿದ್ದನ್ನು ಅವನು ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದ. ವಿಚಾರಣೆ ನಡೆದದ್ದು ಕಾರ್ಕಳದಲ್ಲಿ, ಆಗ ಹೆಬ್ರಿ ಕಾರ್ಕಳ ತಾಲೂಕಿನಲ್ಲೇ ಇದ್ದದ್ದು. ಬೆಳಗ್ಗೆ ಗಂಜಿ ಉಂಡು, ಕಾಲುದಾರಿಯಲ್ಲಿ ರಸ್ತೆಗೆ ಬಂದು, ಬಸ್ಸು ಹಿಡಿದು ಹೋದರು. ಎದುರು ಬೆಂಚಿನಲ್ಲಿ ಧಣಿಗಳ ಮನೆಯವರು ಕೂತಿದ್ದರು. ಅವರನ್ನು ನೋಡಿ ಅಜ್ಜನಿಗೆ ಮಾತೇ ಹೊರಡಲಿಲ್ಲ. ಗದ್ದೆಯ ಚಕ್ಕುಬಂದಿ ಹೇಳಿ ಅಂದಾಗ ಅಜ್ಜಿ ಎದ್ದು ನಿಂತು ಹೇಳಿದರು. ಮೂಡಕ್ಕೆ ತೋಡು, ಪಡುವಕ್ಕೆ ಗುಡ್ಡೆ, ತೆಂಕಕ್ಕೆ ದೈವಸ್ಥಾನದ ದಾರಿ, ಬಡಗಕ್ಕೆ ಇನ್ನೊಬ್ಬರ ಬೈಲು ಗದ್ದೆ.

ಹುಡುಗ ತೀರ್ಪಿನ ಎರಡನೇ ಪುಟ ತೆರೆದು ನನಗೆ ತೋರಿಸಿದ. ಅದೇ ನಾಲ್ಕು ಗಡಿ. ಮೂಡು ಅನ್ನುವಲ್ಲಿ ಪೂರ್ವ ಅಂತ ಇತ್ತು, ಅಷ್ಟೇ ವ್ಯತ್ಯಾಸ. "ಅಕ್ಕಾ, ಇದು ಅಜ್ಜಿ ಹೇಳಿದ್ದೇ" ಅಂದ. ಅವನ ಬೆರಳು ಆ ಸಾಲಿನ ಮೇಲೆ ಇತ್ತು. ಇತಿಹಾಸ ಓದುವವರು ಒಂದು ಮಾತನ್ನು ಇನ್ನೊಂದು ಆಧಾರದ ಜೊತೆ ಇಟ್ಟು ನೋಡಬೇಕು ಅಂತ ನನಗೆ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದರೋ. ಅದು ಹೇಗೆ ಅಂತ ಕಣ್ಣಾರೆ ಕಂಡದ್ದು ಆವತ್ತು.

ಒಂದು ಕಡೆ ಮಾತ್ರ ಹೊಂದಲಿಲ್ಲ. ಕೇಸು ಮುಗಿದ ವರ್ಷ ಎರಡನೇ ಮಗಳು ಹುಟ್ಟಿದ್ದು ಅಂತ ಅಜ್ಜಿಯ ನೆನಪು. ಅಂದರೆ 1975. ತೀರ್ಪಿನ ತಾರೀಕು 1977. "ಯಾವುದು ಬರೀಲಿ ಅಕ್ಕಾ? ಅಜ್ಜಿ ಹೇಳಿದ್ದು ತಪ್ಪು ಅಂತ ಬರೀಲಿಕ್ಕೆ ಮನಸ್ಸು ಬರುದಿಲ್ಲ." ಎರಡನ್ನೂ ಬರಿ ಅಂದೆ. ಕಾಗದದಲ್ಲಿ ಹೀಗೆ ಇದೆ, ಅಜ್ಜಿಯ ನೆನಪಿನಲ್ಲಿ ಹೀಗೆ ಇದೆ ಅಂತ. ಆಮೇಲೆ ಅವನೇ ಒಂದು ಸಾಲು ಸೇರಿಸಿದ. ಅರ್ಜಿ ಕೊಟ್ಟ ಮೇಲೆ ಗೇಣಿ ಅಕ್ಕಿ ಅಳೆಯುವುದನ್ನು ನಿಲ್ಲಿಸಿದರು, ಅಜ್ಜಿಯ ಲೆಕ್ಕದಲ್ಲಿ ಕೇಸು ಮುಗಿದದ್ದು ಆವತ್ತೇ ಇರಬಹುದು. ಆ ಸಾಲು ಟೈಪ್ ಮಾಡುವಾಗ ನನ್ನ ಕೈ ನಿಂತಿತು. ಇಪ್ಪತ್ತು ವರ್ಷದ ಹುಡುಗ ತಾನೇ ಯೋಚನೆ ಮಾಡಿ ಬರೆದ ಸಾಲು ಅದು.

ಅವನು ಧಣಿಗಳ ಮನೆಗೂ ಹೋಗಿ ಬಂದಿದ್ದ. ಅಜ್ಜಿಯೇ ಕಳಿಸಿದ್ದು. ಅಲ್ಲಿ ಆ ಕಾಲದವರು ಒಬ್ಬರು ವಯಸ್ಸಾದ ಅಮ್ಮ ಇದ್ದಾರೆ. ಕಾಫಿ ಕೊಟ್ಟು ಮಾತಾಡಿದರಂತೆ. ಅವರ ಗಂಡ ಬೇಗ ತೀರಿಕೊಂಡಿದ್ದರು. ಬರುತ್ತಿದ್ದ ಮುಡಿ ನಿಂತ ಮೇಲೆ ದೊಡ್ಡ ಮಗ ಓದು ಬಿಟ್ಟು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ. ಅದೂ ಅಸೈನ್‌ಮೆಂಟಿನಲ್ಲಿ ಒಂದು ಪುಟ ಆಯಿತು. ಒಟ್ಟು ಒಂಬತ್ತು ಪುಟ. ಸರ್ ಹದಿನೈದು ಹೇಳಿದ್ದರು. ಮೊದಲಿನ ಬರ್ಗಾ, ಭೂದಾನ ಸೇರಿಸಿದರೆ ಹದಿನೈದು ಆಗುತ್ತಿತ್ತು. ಅವನೇ ಬೇಡ ಅಂದ.

ಕೊನೆಯಲ್ಲಿ ಆಧಾರಗಳ ಪಟ್ಟಿಯನ್ನು ಇಬ್ಬರೂ ಕೂತು ಮಾಡಿದೆವು. ತೀರ್ಪಿನ ನಂಬರು, ತಾರೀಕು. ಮಾತಾಡಿದವರ ಹೆಸರು, ವಯಸ್ಸು, ಊರು, ಮಾತಾಡಿದ ದಿನ. ಜಾನಪದ ಓದುವವರು ಇವರನ್ನು ವಕ್ತೃಗಳು ಅಂತಾರೆ. ಅಜ್ಜಿಯ ಹೆಸರನ್ನು ವಕ್ತೃ ಅನ್ನುವ ಕಡೆ ಹಾಕಿದಾಗ ಹುಡುಗ ತುಂಬಾ ಹೊತ್ತು ಆ ಪುಟ ನೋಡಿದ. ಎಷ್ಟು ಮಾರ್ಕ್ಸ್ ಬಂತು ಅಂತ ನಾನು ಕೇಳಲಿಲ್ಲ. ತೀರ್ಪಿನದ್ದೊಂದು ಝೆರಾಕ್ಸ್ ಸರ್ ಕೇಳಿ ತೆಗೆದುಕೊಂಡರು ಅಂತ ಅವನೇ ಬಂದು ಹೇಳಿದ.

ಆಮೇಲಿನಿಂದ ನನ್ನ ಅಭಿಪ್ರಾಯ ಗಟ್ಟಿ ಆಗಿದೆ. ಮಕ್ಕಳು ಸೋಮಾರಿಗಳಲ್ಲ. ಅವರಿಗೆ ಸಿಗುವ ವಿಷಯ ವಿಪರೀತ ದೊಡ್ಡದು. ಭಾರತದ ಕೃಷಿ ಸಮಸ್ಯೆಗಳು ಅಂತ ಕೊಟ್ಟರೆ ಹತ್ತು ಪುಟದಲ್ಲಿ ಏನು ಬರೆಯಲಿಕ್ಕೆ ಆಗುತ್ತದೆ? ನೋಡಿ ಬರೆಯುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಅದೇ, ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಇಲ್ಲ, ಆ 61 ದಿನ ಒಂದು ಬೋಟಿನ ಕೆಲಸದವರ ಮನೆ ಹೇಗೆ ನಡೆಯುತ್ತದೆ ಅಂತ ಕೇಳಿದರೆ? ಅರ್ಥಶಾಸ್ತ್ರದ ಹುಡುಗಿ ಒಬ್ಬಳು ಹಾಗೆ ಕೇಳಿಕೊಂಡು ಹೋದಳು. ಮೂರು ಮನೆ, ಮೂರು ಖರ್ಚಿನ ಲೆಕ್ಕ. ಸಾಲ ಎಲ್ಲಿಂದ, ಚಿನ್ನ ಯಾವಾಗ ಅಡವು, ಯಾವಾಗ ಬಿಡಿಸುವುದು. ಪುಸ್ತಕದಲ್ಲಿ ಓದಿದ್ದ ಋತುಮಾನದ ನಿರುದ್ಯೋಗ ಅಂದರೆ ಏನು ಅಂತ ಅವಳಿಗೆ ಆಗ ಗೊತ್ತಾದದ್ದು. ನನಗೂ.

ವಿಜ್ಞಾನದವರದ್ದು ಸ್ವಲ್ಪ ಬೇರೆ. ಅಲ್ಲಿ ಅಜ್ಜಿಯ ನೆನಪು ಸಾಕಾಗುವುದಿಲ್ಲ. ಭೂಗೋಳದ ಒಬ್ಬಳು ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳ ಬಗ್ಗೆ ಬರೆದು ತಂದಿದ್ದಳು. ಮೂರನೇ ಪುಟದಲ್ಲಿ ಬಸಾಲ್ಟ್ ಅಂತ ಇತ್ತು, ಆರನೇ ಪುಟದಲ್ಲಿ ರಯೋಲೈಟ್. ಟೈಪ್ ಮಾಡುವವಳಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. "ಒಂದೇ ಕಲ್ಲಿಗೆ ಎರಡು ಹೆಸರು ಹೇಗೆ?" ಅಂದೆ. ಎರಡು ಕಡೆಯಿಂದ ನೋಡಿ ಬರೆದದ್ದು, ಜಗಳ ಗೊತ್ತಾಗಿರಲಿಲ್ಲ. ಮೇಡಂ ಹತ್ತಿರ ಕೇಳಿ ಬಂದಳು. ಕಂಬದ ಆಕಾರ ಕಂಡ ಕೂಡಲೇ ಬಸಾಲ್ಟ್ ಅಂತ ಬರೆದುಬಿಡುವವರು ಜಾಸ್ತಿ. ಭೂವಿಜ್ಞಾನಿಗಳು ಪರೀಕ್ಷೆ ಮಾಡಿ ಇದು ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಗುಂಪಿನ ಕಲ್ಲು ಅಂತ ಗುರುತಿಸಿದ್ದಾರೆ. ಸುಮಾರು 8.8 ಕೋಟಿ ವರ್ಷ ಹಳೆಯದು. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆ ಆದ ಕಾಲಕ್ಕೆ ಸೇರಿದ್ದು. ಆ ಒಂದು ಹೆಸರು ಸರಿ ಆದ ಮೇಲೆ ಅವಳ ಉಳಿದ ಪುಟಗಳೂ ಬದಲಾದವು.

ಕನ್ನಡ ಎಂಎಯ ಹುಡುಗಿ ಒಬ್ಬಳು ತನ್ನ ಮನೆಯ ಸುತ್ತಮುತ್ತ ಹಲಸಿಗೆ ಸಂಬಂಧಪಟ್ಟ ತುಳು ಪದಗಳನ್ನು ಸೇರಿಸುತ್ತಿದ್ದಳು. ಅವಳನ್ನು ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರಕ್ಕೆ ಹೋಗು ಅಂದದ್ದು ನಾನೇ. ತುಳು ನಿಘಂಟು ಅಲ್ಲೇ ತಯಾರಾದದ್ದು. ಡಾ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟ, 1988ರಿಂದ 1997ರವರೆಗೆ ಹೊರಬಂದವು. ಆ ಕೆಲಸಕ್ಕೂ ಜನ ಊರೂರಿಗೆ ಹೋಗಿ ಪದ ಕೇಳಿ ಬರೆದುಕೊಂಡಿದ್ದರು. ಇವಳು ತನ್ನ ಪದಗಳನ್ನು ಅದರ ಪಕ್ಕ ಇಟ್ಟು ನೋಡಿದಳು. ಹೆಚ್ಚಿನವು ಇದ್ದವು. ಸಿಗದ ಕೆಲವನ್ನು ಬೇರೆ ಪುಟದಲ್ಲಿ, ಯಾರ ಬಾಯಿಂದ ಕೇಳಿದ್ದು ಅನ್ನುವುದರ ಜೊತೆ ಬರೆದಳು. ಆ ಬೇರೆ ಪುಟವೇ ಅವಳ ಸಂಶೋಧನೆ ಅಂತ ನಾನು ಭಾವಿಸುತ್ತೇನೆ.

ದೊಡ್ಡ ಪ್ರಬಂಧ ಬರೆಯುವವರು ಬಂದು ಕೇಳುವುದು ಇನ್ನೊಂದು. "ಅಕ್ಕಾ, ಹತ್ತು ಪರ್ಸೆಂಟ್ ಒಳಗೆ ತಂದುಕೊಡಿ." ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ತಂದ ನಿಯಮದ ಪ್ರಕಾರ, ಬೇರೆಯವರ ಬರಹದ ಜೊತೆ ಹೋಲಿಕೆ ಶೇ. 10ರ ಒಳಗೆ ಇದ್ದರೆ ಶಿಕ್ಷೆ ಇಲ್ಲ. ಅದಕ್ಕೆ ಕೆಲವರು ಮುಖ್ಯ ಇದ್ದಲ್ಲಿ ಪ್ರಮುಖ, ಕಾರಣ ಇದ್ದಲ್ಲಿ ಹೇತು ಅಂತ ಬದಲಿಸುತ್ತಾ ಹೋಗುತ್ತಾರೆ. ನಾನು ಮಾಡಿಕೊಡುವುದಿಲ್ಲ. ಅದೇ ನಿಯಮದಲ್ಲಿ, ಯಾರ ಮಾತು ಅಂತ ಸರಿಯಾಗಿ ಹೇಳಿ ಉದ್ಧರಿಸಿದ ಭಾಗ ಲೆಕ್ಕಕ್ಕೆ ಬರುವುದಿಲ್ಲ ಅಂತಲೂ ಇದೆ. ಹೇಳಿ ತೆಗೆದುಕೊಂಡರೆ ತಪ್ಪೇ ಇಲ್ಲ ಅಲ್ವಾ? ಪಕ್ಕದ ಮನೆಯಿಂದ ತೆಂಗಿನಕಾಯಿ ಕೇಳಿ ತರುವುದಕ್ಕೂ ಕತ್ತಲಲ್ಲಿ ಹೆಕ್ಕಿ ತರುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

ಈಚೆಗೆ ಮೊಬೈಲಿನಲ್ಲಿ ಎಐ ಬರೆದುಕೊಟ್ಟದ್ದನ್ನು ತರುವವರು ಜಾಸ್ತಿ ಆಗಿದ್ದಾರೆ. ಭಾಷೆ ನುಣುಪು, ತಪ್ಪು ಹುಡುಕುವುದು ಕಷ್ಟ. ಹೋದ ವರ್ಷ ಒಬ್ಬ ಯಕ್ಷಗಾನದ ಬಗ್ಗೆ ತಂದದ್ದರಲ್ಲಿ ಕೊನೆಗೆ ಐದು ಪುಸ್ತಕಗಳ ಹೆಸರಿತ್ತು. ಅವನು ಲೈಬ್ರರಿಯಲ್ಲಿ ಹುಡುಕಿದ, ನಾನು ನೆಟ್‌ನಲ್ಲಿ ಹುಡುಕಿದೆ. ಎರಡು ಸಿಕ್ಕಿದವು. ಮೂರು ಎಲ್ಲೂ ಇಲ್ಲ. ಹುಡುಗನ ಮುಖ ಬಾಡಿತು, ಮೋಸ ಮಾಡಬೇಕು ಅಂತ ಅವನಿಗೆ ಇರಲಿಲ್ಲ. ಕೈಯಲ್ಲಿ ಹಿಡಿದು ನೋಡದ ಪುಸ್ತಕದ ಹೆಸರನ್ನು ಪಟ್ಟಿಗೆ ಹಾಕಬೇಡಿ ಅಂತ ಈಗ ಎಲ್ಲರಿಗೂ ಹೇಳುತ್ತೇನೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಅದರೊಳಗೆ ಇರುವುದು ನಿಜಕ್ಕೂ ಅವೇ, ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಹಾಗಾಗಿ ಯಾರು ಹುಡುಕಿದರೂ ಆ ಬರಹ ಸಿಗುವುದಿಲ್ಲ. ಎಷ್ಟು ಒಳ್ಳೆಯ ಅಸೈನ್‌ಮೆಂಟುಗಳು ಹೀಗೆ ಮುಚ್ಚಿಹೋಗಿವೆಯೋ ಅಂತ ನನಗೆ ನಿಜವಾಗಿ ಬೇಸರ. ಈಗ ಎಲ್ಲವನ್ನೂ ಯಾವ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿಯೇ ಕೊಡುತ್ತೇನೆ, ಒತ್ತಕ್ಷರ, ಅರ್ಕಾವತ್ತು ಕೆಟ್ಟಿದ್ದರೆ ಕೂತು ಸರಿ ಮಾಡುತ್ತೇನೆ. ಕೀಲಿಮಣೆ ಮಾತ್ರ ಹಳೆಯದೇ, ಕೆ.ಪಿ. ರಾವ್ ಅವರು ರೂಪಿಸಿದ್ದು. ಅವರು ನಮ್ಮ ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು ಅಂತ ಹೇಳಿದರೆ ಮಕ್ಕಳಿಗೆ ಖುಷಿ ಆಗುತ್ತದೆ.

ಈ ಸಲ ಬಿಕಾಂನ ಒಬ್ಬಳಿಗೆ ಬ್ಯಾಂಕಿಂಗ್ ವಿಷಯ ಸಿಕ್ಕಿದೆ. ಅವಳ ಅಜ್ಜ ಪಿಗ್ಮಿ, ಅಂದರೆ ಬ್ಯಾಂಕಿಗೆ ದಿನಾ ಕಟ್ಟುವ ಸಣ್ಣ ಉಳಿತಾಯದ ಹಣ, ಕಲೆಕ್ಟ್ ಮಾಡುತ್ತಿದ್ದವರು. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇದೇ ಉಡುಪಿಯಲ್ಲಿ ಶುರುವಾದದ್ದು, ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ, ಕೈಮಗ್ಗದವರಿಗೆ ಸಹಾಯ ಆಗಲಿ ಅಂತ. 1928ರಲ್ಲಿ ಪಿಗ್ಮಿ ಬಂತು. ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ಇಷ್ಟು ಅವಳಿಗೆ ಎಲ್ಲಿಯೂ ಸಿಗುತ್ತದೆ. ಅವಳಿಗೆ ಬೇಕಾದ್ದು ಬೇರೆ. ಅಜ್ಜ ದಿನಾ ಹೋಗುತ್ತಿದ್ದ ಒಂದು ಬೀದಿಯಲ್ಲಿ ಯಾರು ಎಷ್ಟು ಕಟ್ಟುತ್ತಿದ್ದರು, ಕೂಡಿದ ಹಣ ಯಾವುದಕ್ಕೆ ತೆಗೆದರು ಅಂತ. ಅಜ್ಜನ ಡೈರಿ ಇದೆ, ಅದರಲ್ಲಿ ಬರೀ ಅಂಕಿ. ಕಟ್ಟಿದವರ ಕಡೆಯ ಪುಸ್ತಕ ಒಂದೂ ಸಿಕ್ಕಿಲ್ಲ.

ಹಾಗಾಗಿ ಒಂದು ವಿನಂತಿ. ಕಲ್ಸಂಕ, ತೆಂಕಪೇಟೆ, ಬಡಗುಪೇಟೆ ಕಡೆ ನಿಮ್ಮ ಹಳೆಯ ಮನೆ ಇದ್ದರೆ ಅಟ್ಟ, ಕಪಾಟು, ದೇವರ ಕೋಣೆಯ ಪೆಟ್ಟಿಗೆ ಒಮ್ಮೆ ನೋಡಿ. ಹಳೆಯ ಪಿಗ್ಮಿ ಪಾಸ್‌ಬುಕ್ ಸಿಕ್ಕಿದರೆ ಬಿಸಾಡಬೇಡಿ, ಅಂಗಡಿಗೆ ತನ್ನಿ. ನಿಮ್ಮ ಎದುರೇ ಝೆರಾಕ್ಸ್ ಮಾಡಿ ಪುಸ್ತಕ ವಾಪಸ್ ಕೊಡುತ್ತೇನೆ. ಅವಳಿಗೆ ಇನ್ನು ಹನ್ನೆರಡು ದಿನ ಸಮಯ ಉಂಟು.